ಬ್ಯಾಟಪ್ಪ ಗೆರೆ ಅಗಲ ಮಾಡಿದ್ದು

ಇತ್ಲಾಗೆ ಸರೀರಿ, ಹತ್ತಿರ ಕೂತ್ಕೊಳ್ಳಿ. ಶಿಡ್ಲಘಟ್ಟದ ಬ್ಯಾಟಪ್ಪನ ವಿಷಯ ಹೇಳ್ತೀನಿ. ನಗಬೇಕು ಅನ್ನಿಸಿದರೆ ನಗಿ, ಬೇಡ ಅನ್ನಲ್ಲ. ಆದರೆ ಅವರಮ್ಮನ ಮುಖ ಒಂದು ಸಲ ನೆನೆಸಿಕೊಂಡು ನಗಿ. ಆ ತಾಯಿಗೆ ಆ ವಾರ ಪೂರ್ತಿ ಎದೆ ಡವಡವ, ಡವಡವ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಹಿಂದೆ ಒಂದು ಸಂದಿ. ಸಂದಿಯ ಕೊನೆಗೆ ಒಂದು ಅಂಗಡಿ. ಅಂಗಡಿಯಲ್ಲಿ ಅಶ್ವತ್ಥಮ್ಮ, ಅವಳ ಮಗ ಬ್ಯಾಟಪ್ಪ. ಗಂಡ ರೇಡಿಯೋ ರಿಪೇರಿ ಮಾಡ್ತಿದ್ದ, ಬೋರ್ಡೂ ಮಾಡ್ತಿದ್ದ, ತೀರಿಕೊಂಡು ಹತ್ತು ವರ್ಷ. ಅವನ ಕೆಲಸ ಇವಳು ಕೈಗೆತ್ತಿಕೊಂಡಳು. ಏನು ಕೆಲಸ? ಕರೆಂಟಿನ ಬೋರ್ಡು ಮಾಡೋ ಕೆಲಸ. ಹಳೇ ರೇಡಿಯೋ ಬಿಚ್ಚಿದರೆ ಒಳಗೊಂದು ಹಲಗೆ, ಹಲಗೆ ಮೈಮೇಲೆ ತಾಮ್ರದ ಗೆರೆಗಳು ಕಾಣ್ತಾವಲ್ಲ, ಅದೇ. ಮಾಡೋದು ಹೇಗೆ? ಮೈತುಂಬ ತಾಮ್ರದ ಹಾಳೆ ಅಂಟಿಸಿದ ಹಲಗೆ ತಗೋಬೇಕು. ಅದರ ಮೇಲೆ ಬಣ್ಣದಲ್ಲಿ ಗೆರೆ ಎಳೀಬೇಕು. ಕಂದು ಬಣ್ಣದ ಆಸಿಡ್ ನೀರಲ್ಲಿ ಅದ್ದಬೇಕು. ಬಣ್ಣ ಇದ್ದ ಕಡೆ ತಾಮ್ರ ಉಳೀತದೆ, ಇಲ್ಲದ ಕಡೆ ಕರಗಿ ಹೋಗ್ತದೆ. ಉಳಿದ ತಾಮ್ರದ ಗೆರೆಯೇ ಕರೆಂಟಿಗೆ ದಾರಿ.

ಗೆರೆ ನೆಟ್ಟಗಿರಬೇಕು. ಅಶ್ವತ್ಥಮ್ಮನ ಕೈಗೆ ಎರಡು ವರ್ಷದಿಂದ ನಡುಕ ಹಿಡಿದಿತ್ತು. ಕಾಫಿ ಲೋಟ ಎತ್ತಿದರೆ ಅರ್ಧ ಕಾಫಿ ಸೆರಗಿಗೆ. ಗೆರೆ ಎಳೆದರೆ ಹಾವು ಹರಿದ ಹಾಗೆ. ಬ್ಯಾಟಪ್ಪನ ಕೈಯೋ? ಬಂಡೆ! ಇಪ್ಪತ್ತಾರು ವರ್ಷದ ಆಳು, ಸ್ಕೇಲು ಇಲ್ಲದೆ ಎಳೆದರೂ ದಾರ ಬಿಗಿದು ಎಳೆದ ಹಾಗೆ. ಕೈ ಬಂಗಾರ.

ತಲೆ? ತಲೆ ವಿಷಯ ಕೇಳಬೇಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ತೊಂದರೆ. "ಹಾಲಿನ ಮೇಲೆ ಕಣ್ಣಿಡೋ" ಅಂದಳು ಅವರಮ್ಮ. ಪಾತ್ರೆ ಮೇಲೆ ಮುಖ ಬಗ್ಗಿಸಿ ಹುಬ್ಬು ಸುಟ್ಟುಕೊಂಡ. "ಅಂಗಡಿ ನೋಡ್ಕೊಳ್ಳೋ" ಅಂದಳು. ಎದುರುಗಡೆ ಜಗಲಿ ಮೇಲೆ ಕೂತು ಅಂಗಡೀನೇ ನೋಡ್ತಾ ಇದ್ದ, ಗಿರಾಕಿ ಬಂದು ಕೂಗಿ ಹೋದರೂ ಏಳಲಿಲ್ಲ. ಬೈದರೆ ಬೇಜಾರಿಲ್ಲ, ಕೋಪ ಇಲ್ಲ. "ಸರಿ ಕಣಮ್ಮ, ಹಾಗೇ ಮಾಡ್ತೀನಿ" ಅಂತಾನೆ. ಆ ಮಾತು ಕೇಳಿದರೇ ಅಶ್ವತ್ಥಮ್ಮ ಕೈಲಿದ್ದ ಕೆಲಸ ಬಿಟ್ಟು ಅವನ ಹಿಂದೆ ಓಡೋಳು. ಹಾಗೇ ಮಾಡ್ತಾನಲ್ಲ!

ಒಂದು ಸೋಮವಾರ, ಪುಷ್ಯ ಮಾಸದ ಚಳಿ. ದ್ಯಾವಪ್ಪ ಓಡೋಡಿ ಬಂದ. ದ್ಯಾವಪ್ಪಂದು ಊರಾಚೆ ಕೆರೆ ಹತ್ತಿರ ಚಾಕಿ ಮನೆ. ಚಾಕಿ ಮನೆ ಅಂದರೆ, ಮೊಟ್ಟೆಯಿಂದ ಎದ್ದ ರೇಷ್ಮೆ ಹುಳಾನ ಎಂಟು ಹತ್ತು ದಿನ ಬೆಚ್ಚಗೆ ಸಾಕಿ, ಆಮೇಲೆ ರೈತರಿಗೆ ಹಂಚೋ ಜಾಗ. ಬೆಚ್ಚಗಿಡೋಕೆ ಹೀಟರ್. ಹೀಟರ್‌ಗೆ ಯಾವಾಗ ಉರೀಬೇಕು, ಯಾವಾಗ ಆರಬೇಕು ಅಂತ ಹೇಳೋಕೆ ಒಂದು ಬೋರ್ಡು.

"ಅಕ್ಕಾ, ಬೋರ್ಡು ಸುಟ್ಟೋಯ್ತು!" ಅಂತ ಕರ್ರಗಾದ ಹಲಗೆ ಮುಂದಿಟ್ಟ. "ಇರೋ ಹುಳ ದೊಡ್ಡವು, ಹೇಗೋ ತಡ್ಕೋತಾವೆ. ನಾನೂ ನನ್ನ ಹೆಂಡ್ತೀನೂ ಸರದಿ ಮೇಲೆ ಸ್ವಿಚ್ ಹಾಕ್ತಾ ತೆಗೀತಾ ಕೂತಿದೀವಿ. ಆದ್ರೆ ಶುಕ್ರವಾರ ಬೆಳಗ್ಗೆ ಹೊಸ ಮೊಟ್ಟೆ ಒಡೆಯುತ್ತೆ. ಎಳೆ ಹುಳ ಅಕ್ಕ! ಸ್ವಲ್ಪ ಚಳಿ ಬಿದ್ರೂ ಹೋದ್ವು. ಹೋದ ವರ್ಷ ಹೀಗೇ ಸ್ವಿಚ್ ಕಾಯ್ತಾ ಕೂತಾಗ ನನ್ನ ಹೆಂಡ್ತಿಗೆ ಒಂದು ಜೊಂಪು ಹತ್ತಿ, ಒಂದು ಕೋಣೆ ಹುಳ ಶಾಖಕ್ಕೆ ಒಣಗಿ ಹೋದ್ವು. ಅವಳು ಮೂರು ದಿನ ಊಟ ಬಿಟ್ಟಿದ್ಲು. ನಲವತ್ತು ಮನೆಯವರು ನಂಬ್ಕೊಂಡಿದಾರೆ!"

"ಶುಕ್ರವಾರನಾ?" ಅಶ್ವತ್ಥಮ್ಮ ಬೆರಳು ಮಡಚಿ ನೋಡಿದಳು. "ನಾಲ್ಕು ದಿನ. ಆಗ್ತದೆ ಹೋಗಪ್ಪ."

ಆಗ್ತದೆ ಅಂದಳು. ಅವನು ಹೋದ ಮೇಲೆ ಡಬ್ಬ ತೆಗೆದು ನೋಡಿದಳು. ತಾಮ್ರದ ಹಲಗೆ ಇದ್ದದ್ದು ನಾಲ್ಕೇ ನಾಲ್ಕು. ಹೊಸದು ಬರೋದು ಮುಂದಿನ ವಾರ. ಡವಡವ ಶುರುವಾಯ್ತು.

ಸುಟ್ಟ ಬೋರ್ಡನ್ನ ಮಗನಿಗೆ ತೋರಿಸಿದಳು. "ನೋಡೋ ಬ್ಯಾಟಪ್ಪ. ಬೋರ್ಡಲ್ಲಿ ಎರಡು ಥರ ಗೆರೆ. ಹೀಟರ್‌ಗೆ ಕರೆಂಟು ಹೊತ್ತುಕೊಂಡು ಹೋಗೋದು ಪವರ್ ಗೆರೆ. ಕೋಣೆ ಎಷ್ಟು ಬೆಚ್ಚಗಿದೆ ಅಂತ ಸುದ್ದಿ ತರೋದು ಸಿಗ್ನಲ್ ಗೆರೆ. ಇದನ್ನ ಮಾಡಿದವನು ಯಾರೋ, ಪವರ್ ಗೆರೇನೂ ಕೂದಲಂಗೆ ಎಳೆದಿದಾನೆ. ಅದಕ್ಕೇ ಸುಟ್ಟಿದ್ದು. ನೀನು ಪವರ್ ಗೆರೆ ದಪ್ಪ ಮಾಡು, ಸಿಗ್ನಲ್ ಗೆರೆ ಸಣ್ಣ ಮಾಡು. ತಿಳೀತಾ?"

"ತಿಳೀತಮ್ಮ. ಇದು ದಪ್ಪ, ಅದು ಸಣ್ಣ."

"ಎಷ್ಟು ದಪ್ಪ ಅಂತೀಯ? ಸಂಕೋಚ ಪಡಬೇಡ, ದಪ್ಪ ಅಂದ್ರೆ ದಪ್ಪ!"

"ಸರಿ ಕಣಮ್ಮ, ಹಾಗೇ ಮಾಡ್ತೀನಿ."

ಸೊಸೈಟಿಗೆ ಹೋಗಿ ಅಕ್ಕಿ ತಂದಳು. ಬಂದು ನೋಡ್ತಾಳೆ, ಮಗ ಬೆವರಿ ಕೂತಿದಾನೆ, ಒಂದು ಡಬ್ಬಿ ಬಣ್ಣ ಖಾಲಿ. ಹಲಗೆ ಮೇಲೆ ಒಂದು ಗೆರೆ ಗೋಡೆ ಥರ ಎದ್ದು ನಿಂತಿದೆ! ಒಂದರ ಮೇಲೊಂದು, ಒಂದರ ಮೇಲೊಂದು, ಹದಿನೇಳು ಸಲ ಬಣ್ಣ ಬಳಿದಿದಾನೆ.

"ಏನೋ ಇದು!"

"ದಪ್ಪ ಅಮ್ಮ! ಮುಟ್ಟಿ ನೋಡು, ಎಷ್ಟು ದಪ್ಪ!"

ಆಗಲೇ ಆಸಿಡ್‌ನಲ್ಲಿ ಅದ್ದಿ ತೆಗೆದಿದ್ದ. ಬಣ್ಣ ಕೆರೆದಳು. ಕೆರೆದಳು, ಕೆರೆದಳು, ಗೋಡೆ ಉದುರಿತು. ಕೆಳಗೆ ತಾಮ್ರದ ಗೆರೆ ಅದೇ ಕೂದಲಷ್ಟು.

"ಅಯ್ಯೋ ನನ್ನ ಕರ್ಮವೇ! ಬಣ್ಣ ದಪ್ಪ ಮಾಡಿದ್ರೆ ತಾಮ್ರ ದಪ್ಪ ಆಗ್ತದೇನೋ? ಅಗಲ ಕಣೋ, ಅಗಲ! ಮೇಲಕ್ಕಲ್ಲ, ಪಕ್ಕಕ್ಕೆ! ಕರೆಂಟು ಹರಿಯೋಕೆ ಜಾಗ ಬೇಕು. ಅಗಲ ಮಾಡು, ಅಗಲ ಮಾಡು, ಅಗಲ ಮಾಡು!"

"ಮೂರು ಸಲ ಹೇಳ್ದೆ ಅಮ್ಮ."

"ನಿನ್ನ ತಲೆಗೆ ಹೋಗ್ಲಿ ಅಂತ ಹೇಳ್ದೆ!"

"ಸರಿ ಕಣಮ್ಮ, ಹಾಗೇ ಮಾಡ್ತೀನಿ."

ಹಲಗೆ ಉಳಿದದ್ದು ಮೂರು.

ಮಂಗಳವಾರ ಬೆಳಗ್ಗೆ ಬ್ಯಾಟಪ್ಪ ಕೂತ. ಅಗಲ ಮಾಡಿದ. ಪವರ್ ಗೆರೆ ಅಗಲ ಮಾಡಿದ. ಸರಿ. ಅಮ್ಮ ಮೂರು ಸಲ ಹೇಳಿದ್ಲಲ್ಲ? ಸಿಗ್ನಲ್ ಗೆರೇನೂ ಅಗಲ ಮಾಡಿದ. ಇನ್ನೂ ಒಂದು ಸಲ ಬಾಕಿ. ಎಲ್ಲಾ ಗೆರೇನೂ ಇನ್ನಷ್ಟು ಅಗಲ ಮಾಡಿದ. ಈ ಗೆರೆ ಆ ಗೆರೆಗೆ ಮುಟ್ಟಿತು, ಆ ಗೆರೆ ಇನ್ನೊಂದಕ್ಕೆ ಮುಟ್ಟಿತು. ಅಶ್ವತ್ಥಮ್ಮ ಒಲೆ ಮುಂದಿಂದ ಎದ್ದು ಬರೋ ಹೊತ್ತಿಗೆ ಹಲಗೆ ಪೂರ್ತಿ ಕಪ್ಪು ಬಣ್ಣ, ಒಂದು ಚುಕ್ಕಿ ತಾಮ್ರ ಕಾಣ್ತಿಲ್ಲ. ಆಸಿಡ್‌ನಲ್ಲಿ ಮುಳುಗಿಸಿ ಅರ್ಧ ಗಂಟೆ ಆಗಿತ್ತು.

"ಅಮ್ಮಾ, ಆಸಿಡ್ ಹಾಳಾಗಿದೆ ಕಣೆ. ಏನೂ ಕರಗ್ತಾನೇ ಇಲ್ಲ."

ಕರಗೋಕೆ ಏನಿದೆ? ಹೋದದ್ದು ಹೋದ ಹಾಗೇ ಆಚೆ ಬಂತು. ಅರ್ಧ ಗಂಟೆ ನೆನೆದು ತಾಮ್ರದ ಹಾಳೆ ಅಂಚಿಗೆ ಬಿಟ್ಟುಕೊಂಡಿತ್ತು, ಬಣ್ಣ ಕೆರೆದರೆ ಹಾಳೇನೂ ಕಿತ್ತು ಬಂತು, ಹಲಗೆ ಉಳಿದದ್ದು ಎರಡು.

ಅಶ್ವತ್ಥಮ್ಮ ಹಣೆ ಚಚ್ಚಿಕೊಂಡಳು. "ಇದನ್ನ ಹಾಕಿದ್ರೆ ಹೀಟರ್ ಕರೆಂಟು ಸುದ್ದಿ ತರೋ ಗೆರೆಗೆ ನುಗ್ಗಿ ಚಾಕಿ ಮನೇನೇ ಸುಡ್ತಿತ್ತಲ್ಲೋ! ಎಲ್ಲಕ್ಕೂ ಒಂದೇ ಅಗಲನೇನೋ? ಯಾವ ಗೆರೇಲಿ ಎಷ್ಟು ಹರೀತದೆ ಅಂತ ಕೇಳದೆ ಕುಂಚ ಮುಟ್ಟಬೇಡ! ಮೊದಲು ಹೋಗು, ಆ ಹೀಟರ್ ಎಷ್ಟು ತಿನ್ನುತ್ತೆ ಕೇಳ್ಕೊಂಡು ಬಾ!"

"ಸರಿ ಕಣಮ್ಮ."

ಹೋದ. ಮಧ್ಯಾಹ್ನ ಆಯ್ತು, ಬರಲಿಲ್ಲ. ಮೂರು ಗಂಟೆ ಆಯ್ತು, ಬರಲಿಲ್ಲ. ಅಶ್ವತ್ಥಮ್ಮ ಬಾಗಿಲಿಗೂ ಒಳಕ್ಕೂ, ಬಾಗಿಲಿಗೂ ಒಳಕ್ಕೂ. ಎಲ್ಲಿ ಕೈ ಇಟ್ಟನೋ, ಯಾವ ತಂತಿ ಮುಟ್ಟಿದನೋ! ಕೊನೆಗೆ ದ್ಯಾವಪ್ಪಂದೇ ಫೋನು ಬಂತು.

"ಅಕ್ಕಾ, ನಿಮ್ಮ ಬ್ಯಾಟಪ್ಪ ಹೀಟರ್ ಮುಂದೆ ಕೂತು ಎರಡು ಗಂಟೆ ಆಯ್ತು. ನಮ್ಮನೆ ಮುದ್ದೆ ಇಸ್ಕೊಂಡು ಅದರ ಮುಂದೆ ಇಟ್ಟಿದಾನೆ. 'ಎಷ್ಟು ತಿಂತೀಯ, ಹೇಳು' ಅಂತ ಕೇಳ್ತಾ ಇದಾನೆ. ನಾನು ಕರೆದ್ರೆ 'ನಿಮ್ಮನ್ನ ಕೇಳು ಅಂದಿಲ್ಲ, ಹೀಟರ್‌ನ ಕೇಳು ಅಂದಿದಾಳೆ ಅಮ್ಮ' ಅಂತಾನೆ. ಬೋರ್ಡು ಆಗ್ತದಾ ಅಕ್ಕ? ನಿಜ ಹೇಳಿ."

ನಿಜ ಏನಂತ ಹೇಳ್ತಾಳೆ? "ಹೀಟರ್ ಬೆನ್ನ ಮೇಲೆ ತಗಡಿರುತ್ತೆ, ಏನು ಬರೆದಿದೆ ನೋಡಿ ಹೇಳಪ್ಪ" ಅಂದಳು. ಎರಡು ಸಾವಿರ ವಾಟು ಅಂತ ಬರೆದಿತ್ತು.

ಸಂಜೆಗೆ ಬ್ಯಾಟಪ್ಪ ಬಂದ, ಮೂತಿ ಕೆಂಪಗೆ ಕಾದಿತ್ತು. "ಏನೂ ತಿನ್ನಲ್ಲ ಅಮ್ಮ ಅದು. ಮುದ್ದೆ ಮುಟ್ಟಲಿಲ್ಲ. ಸುಮ್ನೆ ಕೆಂಪಗೆ ನೋಡ್ತದೆ."

ಬೈಯೋಕೂ ತ್ರಾಣ ಇರಲಿಲ್ಲ ಅವಳಿಗೆ. ಆದರೂ ಬೈದಳು. ಬೈದು ಕೂರಿಸಿಕೊಂಡು ಹೇಳಿದಳು. "ಯಾರನ್ನೂ ಕೇಳಬೇಡ. ಲೆಕ್ಕ ನಾನೇ ಹೇಳ್ತೀನಿ. ಎರಡು ಸಾವಿರ ವಾಟಿಗೆ ಪವರ್ ಗೆರೆ ಕಿರುಬೆರಳಗಲ ಇರಲಿ. ಸಿಗ್ನಲ್ ಗೆರೆ ಸೂಜಿಯಗಲ ಸಾಕು. ಒಂದು ಸಿಗ್ನಲ್ ಗೆರೆಗೂ ಇನ್ನೊಂದಕ್ಕೂ ಮಧ್ಯೆ ರಾಗಿ ಕಾಳಷ್ಟು ಜಾಗ. ಪವರ್ ಗೆರೆಗೂ ಸಿಗ್ನಲ್ ಗೆರೆಗೂ ಮಧ್ಯೆ ಅವರೆಕಾಳಷ್ಟು ಜಾಗ. ಒಂದಕ್ಕೊಂದು ತಾಗಬಾರದು! ಹೇಳು ನೋಡೋಣ."

"ಕಿರುಬೆರಳು, ಸೂಜಿ, ರಾಗಿ, ಅವರೆ."

"ಇನ್ನೊಂದ್ಸಲ."

"ಕಿರುಬೆರಳು, ಸೂಜಿ, ರಾಗಿ, ಅವರೆ."

ತಪ್ಪಿಲ್ಲ! ಸ್ವಲ್ಪ ಉಸಿರು ಬಂತು ಅವಳಿಗೆ.

ಬುಧವಾರ ಬೆಳಗ್ಗೆ ನೀರು ಹಿಡಿಯೋಕೆ ನಲ್ಲಿ ಹತ್ತಿರ ನಿಂತಿದ್ದಳು. ಮನೆಯೊಳಗಿಂದ ಡಬ್ಬ ತಡಕೋ ಸದ್ದು. ಅಡುಗೆ ಡಬ್ಬ. ಅವಳಿಗೆ ಯಾಕೋ ಅನುಮಾನ. ಕೊಡ ತುಂಬೋವರೆಗೂ ನಿಲ್ಲಲಿಲ್ಲ, ಅರ್ಧ ಕೊಡ ಎತ್ತಿಕೊಂಡು ಓಡಿದಳು.

ತಡ ಆಗಿತ್ತು. ಹಲಗೆ ಆಸಿಡ್‌ನಿಂದ ಎದ್ದು ಬಂದಿತ್ತು. ಪವರ್ ಗೆರೆ ನೋಡಿದಳು, ಕಿರುಬೆರಳನ್ನೇ ಬಣ್ಣದಲ್ಲಿ ಅದ್ದಿ ಎಳೆದಿದ್ದ. ಪಾಪ, ಅದು ಸರಿಯಾಗೇ ಬಂದಿತ್ತು. ಸಿಗ್ನಲ್ ಗೆರೆ ಸೂಜಿ ಮೊನೆಯಲ್ಲಿ ಎಳೆದಿದ್ದ. ಅದೂ ಸರಿ. ಆದರೆ ಗೆರೆ ಗೆರೆ ನಡುವೆ ಸಾಲಾಗಿ ರಾಗಿ ಕಾಳು! ಪವರ್ ಗೆರೆ ಪಕ್ಕದಲ್ಲಿ ಸಾಲಾಗಿ ಅವರೆಕಾಳು! ಗೋಂದು ಹಚ್ಚಿ ಒಂದೊಂದಾಗಿ ಕೂರಿಸಿದಾನೆ.

"ಕಾಳಷ್ಟು ಜಾಗ ಬಿಟ್ಟೆ ಅಮ್ಮ. ಬೇರೆ ಯಾರೂ ಬಂದು ಕೂರದೆ ಇರ್ಲಿ ಅಂತ ಕಾಳನ್ನೇ ಕೂರಿಸಿದೆ."

ಗೋಂದು ಹತ್ತಿದ ಕಡೆ ಆಸಿಡ್ ಹೋಗಿಲ್ಲ. ಕಾಳು ಕಿತ್ತಳು. ಪ್ರತಿ ಕಾಳಿನ ಕೆಳಗೂ ಒಂದು ತಾಮ್ರದ ಚುಕ್ಕಿ. ಚುಕ್ಕಿ ಚುಕ್ಕಿ ಕೂಡಿ, ಗೆರೆಗೆ ಗೆರೆ ಕೂಡಿ, ಎಲ್ಲಾ ಒಂದಕ್ಕೊಂದು ತಾಗಿ ಕೂತಿದಾವೆ.

"ಕಾಳು ಇಡು ಅಂದ್ನೇನೋ? ಅಳತೆಗೆ ಹೇಳಿದ್ದು ಕಣೋ, ಅಳತೆಗೆ! ಹುಳಿ ಮಾಡೋಕಾ ಹೇಳಿದ್ದು!"

"ಅವರೆ ಜಾಸ್ತಿ ಹಾಕಿಲ್ಲಮ್ಮ. ಹುಳಿಗೆ ಮಿಗಿಸಿದೀನಿ."

ಅಶ್ವತ್ಥಮ್ಮ ಅಲ್ಲೇ ನೆಲದ ಮೇಲೆ ಕೂತಳು. ಹಲಗೆ ಉಳಿದದ್ದು ಒಂದು. ಒಂದೇ ಒಂದು. ನಾಳೆ ಗುರುವಾರ, ನಾಡಿದ್ದು ಬೆಳಗ್ಗೆ ಮೊಟ್ಟೆ ಒಡೆಯುತ್ತೆ. ಆ ಹಲಗೆ ತಾನೇ ತಗೊಂಡು ಕುಂಚ ಹಿಡಿದಳು. ಕೈ ಗಡಗಡ ನಡುಗಿತು. ಎಡಗೈಲಿ ಬಲಗೈ ಹಿಡಿದಳು. ಎರಡೂ ಗಡಗಡ. ಕುಂಚದ ತುದಿಯಿಂದ ಒಂದು ಹನಿ ಬಣ್ಣ ಹಲಗೆ ಅಂಚಿಗೆ ಬಿತ್ತು. ಗಾಬರಿಯಾಗಿ ಸೆರಗಲ್ಲಿ ಒರೆಸಿ, ಹಲಗೆ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದಳು. ಅಳು ಬಂತು. ಬ್ಯಾಟಪ್ಪನಿಗೆ ಅಮ್ಮ ಅತ್ತರೆ ತಡೆಯೋಕಾಗಲ್ಲ. ಪಕ್ಕದಲ್ಲಿ ಕೂತ.

"ಅಮ್ಮಾ, ನೀನು ಹೇಳಿದ್ದೆಲ್ಲಾ ಮಾಡ್ದೆ. ಯಾವುದು ಬಿಟ್ಟೆ ಹೇಳು, ಅದನ್ನೂ ಮಾಡ್ತೀನಿ."

ಅವಳು ಅವನ ಮುಖ ನೋಡಿದಳು. ಸುಳ್ಳಿಲ್ಲ, ಸೋಮಾರಿತನ ಇಲ್ಲ. ಹೇಳಿದ್ದೆಲ್ಲಾ ಮಾಡಿದಾನೆ. ನಾನು ಎಷ್ಟು ಅಂತ ಹೇಳಿದೆ, ಯಾಕೆ ಅಂತ ಹೇಳೇ ಇಲ್ಲವಲ್ಲ, ಅನ್ನಿಸಿತು.

"ಏಳು" ಅಂದಳು. ಕೈ ಹಿಡಿದು ಸಂದಿಯಿಂದ ಆಚೆ, ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಹರಾಜಿನ ಹೊತ್ತು. ಗೇಟಿನ ಒಂದು ಬಾಗಿಲು ಮುಚ್ಚಿತ್ತು. ಇನ್ನೊಂದರಲ್ಲಿ ಗೂಡಿನ ಮೂಟೆ ಹೊತ್ತವರು, ಗೂಡಿಂದ ನೂಲು ತೆಗೆಯೋ ರೀಲರ್‌ಗಳು, ಗಾಡಿಯವರು, ಎಲ್ಲಾ ಒಟ್ಟಿಗೆ ನುಗ್ತಾ ಇದ್ರು. ಬೈಗುಳ, ಬೆವರು, ತಳ್ಳಾಟ.

"ನೋಡು. ಇಷ್ಟು ಜನ ಇಷ್ಟು ಸಣ್ಣ ದಾರೀಲಿ ಹರಿದ್ರೆ ಏನಾಗ್ತದೆ?"

ಬ್ಯಾಟಪ್ಪ ನೋಡಿದ. ಬಹಳ ಹೊತ್ತು ನೋಡಿದ. "ಕಾವು ಏರ್ತದೆ ಅಮ್ಮ. ಒಬ್ಬರ ಮೈ ಒಬ್ಬರಿಗೆ ಉಜ್ಜಿ ಉರಿ ಉರಿ. ಗೇಟು ಮುರಿದು ಹೋದ್ರೂ ಹೋಗ್ತದೆ."

"ಮತ್ತೆ ಆ ಪಕ್ಕದ ಸಂದೀಲಿ ಪೋಸ್ಟಿನವರು ಒಬ್ಬರೇ ಕಾಗದ ಹಿಡ್ಕೊಂಡು ಬರ್ತಿದಾರಲ್ಲ? ಅವರಿಗೆ?"

"ಒಬ್ಬರಿಗೆ ಸಂದಿ ಸಾಕು. ಅವರು ಈ ನೂಕುನುಗ್ಗಲಲ್ಲಿ ಸಿಕ್ಕಿಕೊಂಡ್ರೆ ಕಾಗದ ಹರಿದು ಹೋಗ್ತದೆ. ದೂರ ಇರೋದೇ ಸರಿ."

ಹೇಳ್ತಾ ಹೇಳ್ತಾ ಅವನ ಕಣ್ಣು ದೊಡ್ಡದಾಯ್ತು. "ಅಮ್ಮಾ! ಪವರ್ ಗೆರೆ ಅಂದ್ರೆ ಗೇಟಾ? ಸಿಗ್ನಲ್ ಗೆರೆ ಅಂದ್ರೆ ಸಂದಿನಾ?"

"ಹೂಂ ಕಣೋ ಮಗನೇ! ಹೂಂ!" ಅವಳಿಗೆ ಕುಣಿಯೋ ಹಾಗಾಯ್ತು. "ಅಷ್ಟೇ ಕಣೋ ಇರೋದು! ಜಾಸ್ತಿ ಹರಿಯೋ ಕಡೆ ದಾರಿ ಅಗಲ ಮಾಡಬೇಕು, ಇಲ್ಲಾಂದ್ರೆ ಸುಟ್ಟೋಗ್ತದೆ. ಎಲ್ಲೇ ಆಗ್ಲಿ, ಯಾವತ್ತೇ ಆಗ್ಲಿ, ಇದೊಂದು ಮರೀಬೇಡ!"

"ಸರಿ ಕಣಮ್ಮ, ಹಾಗೇ ಮಾಡ್ತೀನಿ."

ಗುರುವಾರ ಬೆಳಗ್ಗೆ ಕೊನೇ ಹಲಗೆ ಅವನ ಮುಂದಿಟ್ಟಳು. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂತಳು, ಎಲ್ಲಿ ಏನಾದರೂ ಹೇಳಿಬಿಡ್ತೀನೋ ಅಂತ. ಬ್ಯಾಟಪ್ಪ ಕುಂಚ ಅದ್ದಿದ. "ಇದು ಗೇಟು" ಅಂದ. ಕಿರುಬೆರಳಗಲದ ಗೆರೆ, ನೆಟ್ಟಗೆ. "ಇದು ಪೋಸ್ಟಿನವರ ಸಂದಿ" ಅಂದ. ಸೂಜಿಯಂಥ ಗೆರೆ, ದೂರದಲ್ಲಿ. ತಿರುಗೋ ಕಡೆ ತಿರುಗಿಸಿದ, ಬಿಡೋ ಕಡೆ ಬಿಟ್ಟ. ಕೈ ಒಂದು ಸಲ ಅಲುಗಲಿಲ್ಲ. ಆಸಿಡ್‌ಗೆ ಹಾಕಿದ. ಹಾಕಿದಾಗಿನಿಂದ ತೆಗೆಯೋವರೆಗೂ ಅಶ್ವತ್ಥಮ್ಮ ಮನೆದೇವರ ಹೆಸರು ಎಷ್ಟು ಸಲ ಅಂದಳೋ ಅವಳಿಗೇ ಗೊತ್ತಿಲ್ಲ. ತೆಗೆದು ತೊಳೆದರೆ, ಎಂಥಾ ಬೋರ್ಡು! ಗಂಡ ಇದ್ದಿದ್ದರೆ ಎದೆಗೊತ್ತಿಕೊಳ್ತಿದ್ದ. ಅವಳು ಬೆರಳು ತೋರಿಸಿದ ಕಡೆ ಅವನು ಬಿಡಿಭಾಗ ಕೂರಿಸಿ ಸೋಲ್ಡರ್ ಮಾಡಿದ, ಇನ್ನಷ್ಟು ಗಟ್ಟಿಯಾಗ್ಲಿ ಅಂತ ಪವರ್ ಗೆರೆ ಉದ್ದಕ್ಕೂ ಸೀಸ ಹರಿಸಿದ.

ಮಧ್ಯಾಹ್ನ ಇಬ್ಬರೂ ಚಾಕಿ ಮನೆಗೆ ಹೋಗಿ ಬೋರ್ಡು ಕೂರಿಸಿದರು. ಟಕ್ ಅಂತು, ಹೀಟರ್ ಕೆಂಪಾಯ್ತು. ಕೋಣೆ ಬೆಚ್ಚಗಾಯ್ತು. ಟಕ್ ಅಂತು, ಹೀಟರ್ ಆರಿತು. ದ್ಯಾವಪ್ಪ ಕೈ ಮುಗಿದ. "ಅಕ್ಕಾ, ನಾಳೆ ಬೆಳಗ್ಗೆ ಒಂದು ಸಲ ಬಂದು ನೋಡಿ. ಮೊಟ್ಟೆ ಒಡೆಯೋ ಹೊತ್ತಿಗೆ ನೀವಿದ್ರೆ ನನಗೆ ಧೈರ್ಯ."

ಶುಕ್ರವಾರ ಬೆಳಗ್ಗೆ ಮಂಜು ಕವಿದು ಕೆರೆ ಕಾಣ್ತಿರಲಿಲ್ಲ. ಹಲ್ಲು ಕಟಕಟ ಅನ್ನೋ ಚಳಿ. ಕೋಣೆ ಒಳಗೆ ಎಡಗಡೆ ತಟ್ಟೆಗಳಲ್ಲಿ ಮೊಟ್ಟೆ ಒಡೀತಾ ಇದ್ವು, ಎಳ್ಳಿನ ಚೂರಿನಂಥ ಕರೀ ಹುಳ, ಲಕ್ಷಾಂತರ, ಕಣ್ಣಿಟ್ಟು ನೋಡಿದರೆ ಮಾತ್ರ ಅಲುಗಾಡೋದು ಕಾಣ್ತದೆ. ಬಲಗಡೆ ಹಿಂದಿನ ತಂಡದ ದೊಡ್ಡ ಹುಳ. ಅವನ್ನ ತಗೊಂಡು ಹೋಗೋಕೆ ಅದೇ ಬೆಳಗ್ಗೆ ರೈತರು ಬುಟ್ಟಿ ಹಿಡಿದು ಬಂದಿದ್ರು, ನಲವತ್ತು ಮನೆಯವರು. ಬಾಗಿಲು ಒಬ್ಬ ಆಳಿನಗಲ. ಬುಟ್ಟಿಗೆ ಬುಟ್ಟಿ ಸಿಕ್ಕಿಕೊಂಡು, "ಸರಿಯಪ್ಪೋ", "ನೀನ್ ಸರಿ" ಅಂತ ಶುರುವಾಯ್ತು.

ಅಶ್ವತ್ಥಮ್ಮನಿಗೆ ಅದ್ಯಾವುದೂ ಕಿವಿಗೆ ಬೀಳ್ತಿಲ್ಲ. ಅವಳ ಕಣ್ಣು ಗೋಡೆ ಮೇಲಿನ ಥರ್ಮಾಮೀಟರ್ ಮೇಲೆ, ಮೂಗು ಬೋರ್ಡಿನ ಪೆಟ್ಟಿಗೆ ಮೇಲೆ. ಸುಟ್ಟ ವಾಸನೆ ಬಂತಾ? ಇಲ್ಲ. ಇಪ್ಪತ್ತೇಳು ಡಿಗ್ರಿ ಇದೆಯಾ? ಇದೆ. ಮತ್ತೆ ನೋಡಿದಳು. ಇದೆ.

ಬಾಗಿಲ ಹತ್ತಿರದಿಂದ ಬ್ಯಾಟಪ್ಪ ಕೇಳಿದ, "ಅಮ್ಮಾ, ಜಾಸ್ತಿ ಹರಿಯೋ ಕಡೆ ದಾರಿ ಸಣ್ಣಗಿದ್ರೆ ಏನಾಗ್ತದೆ?"

ಪಾಠ ಒಪ್ಪಿಸ್ತಿದಾನೆ ಅಂದುಕೊಂಡಳು. ಕಣ್ಣು ತೆಗೀದೇ ಹೇಳಿದಳು, "ಸುಟ್ಟೋಗ್ತದೆ."

"ಹಾಗಾದ್ರೆ ಏನು ಮಾಡ್ಬೇಕಮ್ಮ?"

"ಅಗಲ ಮಾಡ್ಬೇಕು."

"ಈಗ್ಲೇ ಮಾಡ್ಲಾ?"

"ಹೂಂ, ಹೂಂ." ಇಪ್ಪತ್ತೇಳು ಡಿಗ್ರಿ ಇದೆಯಾ? ಇದೆ.

ಬಾಗಿಲ ಪಕ್ಕ ಒಂದು ಹಳೇ ಕಿಟಕಿ ಇತ್ತು, ದೊಡ್ಡದು. ಶಾಖ ಆಚೆ ಹೋಗದಿರಲಿ ಅಂತ ದ್ಯಾವಪ್ಪ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿ ಮುಚ್ಚಿದ್ದ. ಅಂಗಳದಲ್ಲಿ ಹಾರೆ ಬಿದ್ದಿತ್ತು. ದ್ಯಾವಪ್ಪ ಹಿತ್ತಲಲ್ಲಿ ಸೊಪ್ಪು ಕತ್ತರಿಸ್ತಿದ್ದ. ಧಮ್! ಅಂತು. ಯಾರೋ ಬುಟ್ಟಿ ಬೀಳಿಸಿದರು ಅಂದುಕೊಂಡಳು ಅಶ್ವತ್ಥಮ್ಮ. ಧಮ್! ಧಮ್! ದಡದಡದಡ ಅಂತ ಇಟ್ಟಿಗೆ ಉರುಳಿತು. ಧೂಳು. ಧೂಳಿನ ಹಿಂದೆ ಬಿಳೀ ಮಂಜು. ಮಂಜಿನ ಮಧ್ಯೆ ಹಾರೆ ಹಿಡಿದು ನಗ್ತಾ ನಿಂತ ಬ್ಯಾಟಪ್ಪ.

"ಬನ್ರಪ್ಪ, ಬನ್ನಿ! ಇನ್ನು ಯಾರೂ ಸುಡಲ್ಲ! ಗೇಟು ಅಗಲ ಮಾಡಿದೀನಿ!"

ಕೆರೆ ಮೇಲಿನ ಗಾಳಿ ಸುಯ್ ಅಂತ ಒಳಗೆ ನುಗ್ಗಿತು.

"ಅಯ್ಯಯ್ಯೋ! ಹುಳ! ಎಳೇ ಹುಳ!" ರೈತರೆಲ್ಲಾ ಕೂಗಿಕೊಂಡರು. ದ್ಯಾವಪ್ಪ ಓಡಿ ಬಂದು ತಲೆ ಮೇಲೆ ಕೈ ಹೊತ್ತು ನಿಂತ. ಅವನ ಹೆಂಡತಿ ಸೆರಗು ಬಿಚ್ಚಿ ತಟ್ಟೆಗಳಿಗೆ ಅಡ್ಡ ಹಿಡಿದಳು. ಥರ್ಮಾಮೀಟರ್ ಇಪ್ಪತ್ತಾರು. ಇಪ್ಪತ್ತೈದು. ಟಕ್! ಹೀಟರ್ ಹತ್ತಿಕೊಂಡಿತು. ಹತ್ತಿದ್ದು ಆರಲೇ ಇಲ್ಲ, ಕೆಂಪೋ ಕೆಂಪು. ಎರಡು ಸಾವಿರ ವಾಟೂ ಬಿಡುವಿಲ್ಲದೆ ಆ ಒಂದು ಗೆರೆ ಮೇಲೆ ಹರೀತಿತ್ತು. ಅಶ್ವತ್ಥಮ್ಮ ಪೆಟ್ಟಿಗೆ ಮುಚ್ಚಳ ತೆಗೆದು, ಬೋರ್ಡಿಗೆ ತಾಗದಷ್ಟು ದೂರ ಅಂಗೈ ಹಿಡಿದಳು. ಕಾವಿಲ್ಲ. ವಾಸನೆ ಇಲ್ಲ. ಗೆರೆ ಹೊಳೀತಾ ಇದೆ. ಮಗನ ಕೈ ಎಳೆದ ಗೆರೆ ತಡ್ಕೊಂಡಿದೆ!

ಗೆರೆ ತಡ್ಕೊಂಡಿತು. ಆದರೆ ಗೋಡೆ ತೆರೆದಿದೆಯಲ್ಲ! ಇಪ್ಪತ್ನಾಲ್ಕೂವರೆ.

"ದ್ಯಾವಪ್ಪಾ, ಟಾರ್ಪಾಲು ತಗೊಂಡು ಬಾ! ಲೇ ಬ್ಯಾಟಪ್ಪಾ, ಹಾರೆ ಬಿಸಾಡು! ಅಡ್ಡ ನಿಲ್ಲೋ! ಕಿಟಕಿಗೆ ಅಡ್ಡ ನಿಲ್ಲೋ! ಒಂದು ಚೂರೂ ಗಾಳಿ ಬಿಡಬೇಡ!"

"ಸರಿ ಕಣಮ್ಮ!"

ನಿಂತ. ಬೆನ್ನು ಕಿಟಕಿಗೆ ಕೊಟ್ಟು, ಚಳಿಗೆ ಹೊದ್ದಿದ್ದ ಕಂಬಳಿ ಎಳೆದುಕೊಂಡು, ಎರಡೂ ಕೈ ಚಾಚಿ ನಿಂತ. ಅಗಲವಾದ ಬೆನ್ನು, ಕಿಟಕಿ ಹೆಚ್ಚೂ ಕಡಿಮೆ ಮುಚ್ಚಿಹೋಯ್ತು. ಗಾಳಿ ನಿಂತಿತು. ಎಲ್ಲರೂ ಥರ್ಮಾಮೀಟರ್ ನೋಡಿದರು. ಇಪ್ಪತ್ತೈದು. ಇಪ್ಪತ್ತಾರು. ಅಶ್ವತ್ಥಮ್ಮ ತಟ್ಟೆ ಮೇಲೆ ಬಗ್ಗಿ ನೋಡಿದಳು. ಎಳ್ಳಿನ ಚೂರುಗಳು ಅಲುಗಾಡ್ತಿದಾವೆ. ಬದುಕಿದಾವೆ! ಆ ಹುಳಗಳೆಲ್ಲಾ ಮುಂದೆ ನಲವತ್ತು ಮನೆಯಲ್ಲೂ ಚೆನ್ನಾಗೇ ಗೂಡು ಕಟ್ಟಿದವು, ಅದರ ಚಿಂತೆ ನಿಮಗೆ ಬೇಡ.

ಸಮಾಧಾನದಿಂದ ಮಗನ ಕಡೆ ತಿರುಗಿದಳು. ಬ್ಯಾಟಪ್ಪನ ಕೆನ್ನೆ ಎರಡೂ ಬೂದುಗುಂಬಳದ ಹಾಗೆ ಉಬ್ಬಿದೆ. ಕಣ್ಣು ಆಚೆ ಬಂದಿದೆ. ಮುಖ ಕೆಂಪಿಂದ ನೀಲಿಗೆ ತಿರುಗ್ತಾ ಇದೆ.

"ಏನಾಯ್ತೋ? ಏನಾಯ್ತೋ ನಿನಗೆ?"

ಮಾತಿಲ್ಲ. ತಲೆ ಅಲ್ಲಾಡಿಸಿದ. ಆಗ ಹೊಳೀತು ಅವಳಿಗೆ. ಒಂದು ಚೂರೂ ಗಾಳಿ ಬಿಡಬೇಡ ಅಂದಿದ್ದಳು! ಉಸಿರು ಬಿಗಿ ಹಿಡಿದು ನಿಂತಿದಾನೆ!

"ಅಯ್ಯೋ ನನ್ನಪ್ಪಾ! ಗಾಳಿ ಬಿಡೋ! ಗಾಳಿ ಬಿಡೋ ಮಗನೇ!"

ಬ್ಯಾಟಪ್ಪ ಅವಳ ಮುಖ ನೋಡಿದ. ತಟ್ಟೆಯ ಹುಳ ನೋಡಿದ. ನಿಜವಾಗ್ಲೂನಾ ಅನ್ನೋ ಹಾಗೆ ಹುಬ್ಬು ಏರಿಸಿದ.

"ಬಿಡೋ ಅಂದ್ರೆ ಬಿಡೋ! ಈಗ್ಲೇ ಬಿಡೋ!"

ಹೇಳಿದ ಮೇಲೆ ಮುಗೀತು. ಬ್ಯಾಟಪ್ಪ ಕಂಬಳಿ ಸಮೇತ ಕಿಟಕಿಯಿಂದ ಪಕ್ಕಕ್ಕೆ ಸರಿದು ನಿಂತ. ಸುಯ್ ಅಂತ ಗಾಳಿ ಒಳಗೆ ನುಗ್ಗಿತು. "ಟಾರ್ಪಾಲು! ಟಾರ್ಪಾಲು!" ಅಂತ ನಲವತ್ತು ಜನ ಒಟ್ಟಿಗೆ ಕೂಗಿದರು. ದ್ಯಾವಪ್ಪ ಟಾರ್ಪಾಲು ಎಳೆದು ಕಿಟಕಿಗೆ ಬಿಗಿದ. ಟಕ್ ಅಂತು, ಹೀಟರ್ ಕೆಂಪಾಯ್ತು. ಬ್ಯಾಟಪ್ಪನ ಕೆನ್ನೆ ಇನ್ನೂ ಉಬ್ಬೇ ಇತ್ತು.

ಅಶ್ವತ್ಥಮ್ಮ ಓಡಿ ಬಂದು ಬೆನ್ನಿಗೆ ಎರಡೂ ಕೈಲಿ ಒಂದು ಗುದ್ದು ಗುದ್ದಿದಳು. ಭುಸ್ಸ್ ಅಂತ ಬಿಟ್ಟ. ನೆಲದ ಮೇಲೆ ಕೂತು ಏದುಸಿರು ಬಿಡ್ತಾ ಅಮ್ಮನ ಕಡೆ ನೋಡಿ ಹೇಳಿದ:

"ಯಾವ ಗಾಳಿ ಅಂತ ಮೊದಲೇ ಹೇಳಬಾರದಾ ಅಮ್ಮ?"